ಕ್ಯಾಬಿನೆಟ್ ಬದಲಾಯಿತು, ಕಂಪ್ಯೂಟರ್ ಏಳಲಿಲ್ಲ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕಂಪ್ಯೂಟರ್ ಬಿಡಿಭಾಗಗಳ ವ್ಯಾಪಾರ ಹೆಚ್ಚಾಗಿ ರಸ್ತೆಯ ಮಟ್ಟದಲ್ಲಿ ನಡೆಯುತ್ತದೆ. ರಿಪೇರಿಯವರನ್ನು ಹುಡುಕಬೇಕಾದರೆ ಕಿರಿದಾದ ಮೆಟ್ಟಿಲು ಹತ್ತಬೇಕು, ಇಲ್ಲವೇ ಅಂಗಡಿಯ ಹಿಂಬದಿಗೆ ಹೋಗಬೇಕು. ಅಲ್ಲಿ ಒಂದು ಬೆಂಚು, ಬೆಂಚಿನ ಮೇಲೆ ರಬ್ಬರ್ ಮ್ಯಾಟ್, ಸ್ಕ್ರೂ ಡ್ರೈವರ್, ಬ್ರಷ್ಷು, ಮಲ್ಟಿಮೀಟರ್. ಪಕ್ಕದಲ್ಲಿ, ಸರಿಯಾಗಿದೆ ಎಂದು ಖಾತ್ರಿಯಿರುವ ಒಂದು ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಡಬ್ಬಿ), ಒಂದು ರ‍್ಯಾಮ್. ಹುಬ್ಬಳ್ಳಿಯಲ್ಲಿ, ಮೈಸೂರಿನಲ್ಲಿ, ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲೂ ಇಂಥದ್ದೇ ಬೆಂಚು ಇರುತ್ತದೆ. ಈ ಬೆಂಚಿನ ವಿದ್ಯೆಯನ್ನು ನಾವು ಗಮನಿಸಿದ್ದು ಕಡಿಮೆ. ಅದರ ಸೊಗಸು ಚೆನ್ನಾಗಿ ಕಾಣುವುದು ಒಂದು ದೂರಿನಲ್ಲಿ: ಹಳೆಯ ಕ್ಯಾಬಿನೆಟ್‌ನಲ್ಲಿ ನಿನ್ನೆಯವರೆಗೂ ಓಡುತ್ತಿದ್ದ ಕಂಪ್ಯೂಟರ್ ಹೊಸ ಕ್ಯಾಬಿನೆಟ್‌ಗೆ ಹೋದ ಮೇಲೆ ಆನ್ ಆಗುತ್ತಲೇ ಇಲ್ಲ.

ಗಾಜಿನ ಬಾಗಿಲಿನ, ಬಣ್ಣದ ಫ್ಯಾನಿನ ಕ್ಯಾಬಿನೆಟ್‌ಗಳು ಕೈಗೆಟುಕುವ ಬೆಲೆಗೆ ಬಂದ ಮೇಲೆ ಮನೆಯಲ್ಲೇ ಬದಲಾಯಿಸಲು ಕೂರುವವರು ಹೆಚ್ಚಾಗಿದ್ದಾರೆ. ಎಲ್ಲ ಜೋಡಿಸಿ ಬಟನ್ ಒತ್ತಿದಾಗ ಫ್ಯಾನ್ ಕೂಡ ಅಲುಗಾಡದಿದ್ದರೆ ಎದೆ ಧಸಕ್ಕೆನ್ನುತ್ತದೆ. ಮದರ್‌ಬೋರ್ಡ್ ಹೋಯಿತು ಎಂದು ಎಲ್ಲರೂ ಮೊದಲು ಅಂದುಕೊಳ್ಳುತ್ತಾರೆ. ಅನುಭವಿ ರಿಪೇರಿಯವರು ಹಾಗೆ ಅಂದುಕೊಳ್ಳುವುದು ಕಟ್ಟಕಡೆಗೆ. ಯಾವುದನ್ನು ಕೊನೆಯದಾಗಿ ಕೈ ಮುಟ್ಟಿತೋ ಅದನ್ನು ಮೊದಲು ಅನುಮಾನಿಸು ಎಂಬುದು ಅವರ ಕ್ರಮ. ಓಡುತ್ತಿದ್ದ ಯಂತ್ರ ಜಾಗ ಬದಲಿಸಿದ್ದಕ್ಕೆ ನಿಂತಿದೆ ಎಂದರೆ ಕಾರಣವೂ ಜಾಗ ಬದಲಿಸುವಾಗಲೇ ಹುಟ್ಟಿರಬೇಕು.

ಹುಡುಕಾಟ ಅರ್ಥವಾಗಬೇಕಾದರೆ ಪವರ್ ಬಟನ್ ನಿಜಕ್ಕೂ ಏನು ಮಾಡುತ್ತದೆ ಎಂದು ತಿಳಿದಿರಬೇಕು. ಹಿಂದಿನ ಎಟಿ ಮಾದರಿಯ ಕಂಪ್ಯೂಟರ್‌ಗಳಲ್ಲಿ ಅದು ಮನೆಯ ಕರೆಂಟನ್ನೇ ಕಡಿದು ಕೂಡಿಸುವ ಸ್ವಿಚ್ ಆಗಿತ್ತು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಮಾದರಿಯನ್ನು ತಂದ ಮೇಲೆ ಆ ಬಟನ್ ಬರೀ ಕರೆಗಂಟೆಯಾಯಿತು. ಕಂಪ್ಯೂಟರ್ ಆಫ್ ಇದ್ದಾಗಲೂ ಎಸ್‌ಎಂಪಿಎಸ್‌ನಿಂದ ನೇರಳೆ ವೈರಿನಲ್ಲಿ 5 ವೋಲ್ಟ್ ಬೋರ್ಡಿಗೆ ಹರಿಯುತ್ತಲೇ ಇರುತ್ತದೆ. ನಾವು ಬಟನ್ ಒತ್ತಿದಾಗ ಎರಡು ಪಿನ್‌ಗಳು ಕ್ಷಣಮಾತ್ರ ಕೂಡುತ್ತವೆ. ಬೋರ್ಡ್ ಅದನ್ನು ಗುರುತಿಸಿ ಹಸಿರು ವೈರನ್ನು ಗ್ರೌಂಡ್‌ಗೆ ಎಳೆಯುತ್ತದೆ. ಆಗ ಎಸ್‌ಎಂಪಿಎಸ್ ಎದ್ದು ಹಳದಿಯಲ್ಲಿ 12, ಕೆಂಪಿನಲ್ಲಿ 5, ಕಿತ್ತಳೆಯಲ್ಲಿ 3.3 ವೋಲ್ಟ್ ಕೊಡುತ್ತದೆ. ವೋಲ್ಟೇಜ್ ಸ್ಥಿರವಾದ ಮೇಲೆ, ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಅರ್ಧ ಸೆಕೆಂಡಿನೊಳಗೆ, ಬೂದು ವೈರಿನಲ್ಲಿ ‘ಪವರ್ ಗುಡ್’ ಸಂಕೇತ ಬರುತ್ತದೆ. ಅದು ಬಂದ ಮೇಲಷ್ಟೇ ಪ್ರೊಸೆಸರ್ ಕೆಲಸ ಆರಂಭಿಸುತ್ತದೆ. ಈಗಿನ ಎಷ್ಟೋ ಎಸ್‌ಎಂಪಿಎಸ್‌ಗಳಲ್ಲಿ ಎಲ್ಲ ವೈರೂ ಕಪ್ಪು. ಬಣ್ಣ ಹೋದರೂ ಪಿನ್‌ಗಳ ಜಾಗ ಬದಲಾಗಿಲ್ಲ. ಈ ಸರಪಳಿ ಎಲ್ಲಿ ತುಂಡಾಗಿದೆ ಎಂದು ಹುಡುಕುವುದೇ ರಿಪೇರಿ.

ಬೆಂಚಿನ ಮುಂದೆ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ. ಕಾಲೇಜು ಹುಡುಗ ಕ್ಯಾಬಿನೆಟ್ ಹೊತ್ತು ತಂದಿದ್ದಾನೆ.

“ಏನೇನು ಬಿಚ್ಚಿದ್ದೆ, ಮೊದಲು ಅದು ಹೇಳು.”

“ಬೋರ್ಡ್ ಒಂದೇ ಅಣ್ಣ. ಕೂಲರ್ ಮುಟ್ಟಿಲ್ಲ.”

“ಎಸ್‌ಎಂಪಿಎಸ್ ಹಳೇದೇನಾ?”

“ಹೂಂ ಅಣ್ಣ, ಹಳೇದೇ.”

ಹಿಂದಿನ ಸ್ವಿಚ್ ಆನ್ ಇದೆಯೇ, ಪವರ್ ಕಾರ್ಡ್ ಪೂರ್ತಿ ಒಳಗೆ ಕೂತಿದೆಯೇ ಎಂದು ಬೆರಳಲ್ಲಿ ಒತ್ತಿ ನೋಡಿ, ರಿಪೇರಿಯವರು ಬೋರ್ಡಿನ ಕೆಳ ಅಂಚಿಗೆ ಟಾರ್ಚ್ ಹಿಡಿಯುತ್ತಾರೆ. ಅಲ್ಲಿ ಎರಡು ಸಾಲಿನಲ್ಲಿ 9 ಪಿನ್‌ಗಳಿವೆ. ಹತ್ತನೆಯದರ ಜಾಗ ಬೇಕೆಂದೇ ಖಾಲಿ ಬಿಟ್ಟದ್ದು, ದಿಕ್ಕು ಗುರುತಿಸಲು. ಹೆಚ್ಚಿನ ಬೋರ್ಡುಗಳಲ್ಲಿ 6 ಮತ್ತು 8ನೆಯ ಪಿನ್ ಪವರ್ ಬಟನ್ನಿಗೆ, 5 ಮತ್ತು 7 ರಿಸೆಟ್‌ಗೆ, ಉಳಿದವುಗಳಲ್ಲಿ ಹೆಚ್ಚಿನವು ದೀಪಗಳಿಗೆ. ಹುಡುಗ ಚುಚ್ಚಿದ ವೈರುಗಳನ್ನೆಲ್ಲ ಅವರು ಕಿತ್ತು ಪಕ್ಕಕ್ಕೆ ಸರಿಸುತ್ತಾರೆ. ಸ್ಕ್ರೂ ಡ್ರೈವರ್ ತುದಿಯಿಂದ 6 ಮತ್ತು 8ನ್ನು ಒಮ್ಮೆ ತಾಗಿಸಿ ತೆಗೆಯುತ್ತಾರೆ. ಫ್ಯಾನ್ ಗಿರ್ ಎಂದು ತಿರುಗುತ್ತದೆ. “ಬೋರ್ಡ್ ಚೆನ್ನಾಗಿದೆ ಕಣಪ್ಪ. ನಿನ್ನ ಬಟನ್ ವೈರ್ ಒಂದು ಪಿನ್ ಪಕ್ಕಕ್ಕೆ ಹೋಗಿತ್ತು.”

ಆ ಒಂದು ತಾಗುವಿಕೆಯಲ್ಲಿ ಅರ್ಧ ಪ್ರಶ್ನೆ ತೀರಿತು. ಪಿನ್ ತಾಗಿಸಿದಾಗ ಯಂತ್ರ ಎದ್ದರೆ ದೋಷ ಕ್ಯಾಬಿನೆಟ್‌ನ ಬಟನ್ನಿನದು ಅಥವಾ ಅದರ ವೈರಿನದು. ಬಟನ್ನಿನ ವೈರನ್ನು ಯಾವ ದಿಕ್ಕಿಗೆ ಹಾಕಿದರೂ ನಡೆಯುತ್ತದೆ, ದೀಪದ ವೈರುಗಳಿಗೆ ಮಾತ್ರ ಪ್ಲಸ್ ಮೈನಸ್ ಇದೆ. ಹೊಸ ಬಟನ್ನೇ ಒತ್ತಿದಂತೆ ಒಳಗೆ ಸಿಕ್ಕಿಕೊಂಡಿರುವುದೂ ಉಂಟು. ಆಗ ಕಂಪ್ಯೂಟರ್ ಆನ್ ಆಗಿ ಸುಮಾರು 4 ಸೆಕೆಂಡಿನಲ್ಲಿ ತಾನಾಗಿಯೇ ಆರುತ್ತದೆ, ಏಕೆಂದರೆ ಬಟನ್ ಹಿಡಿದೇ ಇದ್ದರೆ ಬಲವಂತವಾಗಿ ಆಫ್ ಮಾಡು ಎಂದೇ ಅದರ ಅರ್ಥ.

ಪಿನ್ ತಾಗಿಸಿದರೂ ಏಳದಿದ್ದರೆ ಕಣ್ಣು ಕೇಬಲ್‌ಗಳತ್ತ ಹೊರಳುತ್ತದೆ. ದೊಡ್ಡ 24 ಪಿನ್ ಕನೆಕ್ಟರ್ ಕೊಕ್ಕೆ ಬೀಳುವವರೆಗೂ ಕೂತಿರಬೇಕು. ಪ್ರೊಸೆಸರ್ ಪಕ್ಕ, ಬೋರ್ಡಿನ ಮೇಲಿನ ಮೂಲೆಯಲ್ಲಿ, 4 ಅಥವಾ 8 ಪಿನ್ನಿನ ಇನ್ನೊಂದಿದೆ. ಹೊಸ ಕ್ಯಾಬಿನೆಟ್‌ಗಳಲ್ಲಿ ಅದರ ವೈರ್ ಹಿಂಬದಿಯಿಂದ ಸುತ್ತಿ ಬರಬೇಕಾದ್ದರಿಂದ ಮರೆತುಹೋಗುವುದು ಹೆಚ್ಚಾಗಿ ಇದೇ. ಇದಿಲ್ಲದಿದ್ದರೂ ಎಷ್ಟೋ ಬೋರ್ಡುಗಳಲ್ಲಿ ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಮಾತ್ರ ಬರುವುದಿಲ್ಲ. ಬೋರ್ಡ್ ತಿರುಗಿಸುವಾಗ ಸಡಿಲಾದ ರ‍್ಯಾಮ್ ಕೂಡ ಇದೇ ಲಕ್ಷಣ ತೋರಿಸುತ್ತದೆ.

ಇನ್ನೊಂದು ಬಗೆಯ ದೂರು ಇದೆ. ಬಟನ್ ಒತ್ತಿದರೆ ಫ್ಯಾನ್ ಒಂದು ಸಲ ಮಿಸುಕಿ ನಿಂತುಬಿಡುತ್ತದೆ. ಇದನ್ನು ಕೇಳಿದ ಕೂಡಲೇ ಬೆಂಚಿನವರು “ಎಲ್ಲೋ ಶಾರ್ಟ್ ಆಗ್ತಿದೆ” ಎನ್ನುತ್ತಾರೆ. ಬೋರ್ಡ್ ಕ್ಯಾಬಿನೆಟ್‌ನ ತಗಡಿಗೆ ತಾಗದಂತೆ ಹಿತ್ತಾಳೆಯ ಪುಟ್ಟ ಸ್ಟ್ಯಾಂಡ್‌ಆಫ್‌ಗಳ ಮೇಲೆ ಕೂರುತ್ತದೆ. ಪೂರ್ಣ ಎಟಿಎಕ್ಸ್ ಬೋರ್ಡಿನ ಅಳತೆ 305 ಮತ್ತು 244 ಮಿಲಿಮೀಟರ್. ನಮ್ಮ ಮನೆಗಳಲ್ಲಿ ಹೆಚ್ಚಾಗಿರುವ ಮೈಕ್ರೋ ಎಟಿಎಕ್ಸ್‌ಗೆ ಎರಡೂ ಕಡೆ ಗರಿಷ್ಠ 244. ಒಂದೇ ಕ್ಯಾಬಿನೆಟ್‌ಗೆ ಎರಡೂ ಹಿಡಿಯುತ್ತವೆ, ಹಾಗಾಗಿ ಒಂದು ಬೋರ್ಡಿಗೆ ಬೇಕಾದ ಕೆಲವು ಸ್ಟ್ಯಾಂಡ್‌ಆಫ್ ಇನ್ನೊಂದಕ್ಕೆ ಬೇಡ. ಕಂಪನಿಯವರು ಮೊದಲೇ ತಿರುಪಿಟ್ಟ ಸ್ಟ್ಯಾಂಡ್‌ಆಫ್ ಬೋರ್ಡಿನ ತೂತಿಲ್ಲದ ಕಡೆ ಬಂದರೆ ಅದರ ತಲೆ ಹಿಂಬದಿಯ ಬೆಸುಗೆಗೆ ಚುಚ್ಚಿಕೊಳ್ಳುತ್ತದೆ. ಎಸ್‌ಎಂಪಿಎಸ್ ಶಾರ್ಟನ್ನು ಗುರುತಿಸಿ ತಾನೇ ಕಡಿದುಕೊಳ್ಳುತ್ತದೆ. ಕಳಚಿಬಿದ್ದ ಒಂದು ಸ್ಕ್ರೂ ಬೋರ್ಡಿನಡಿ ಉಳಿದರೂ ಇದೇ ಪರಿಣಾಮ. ಹಿಂಬದಿಯ ತಗಡಿನ ನಾಲಿಗೆ ಯುಎಸ್‌ಬಿ ಅಥವಾ ಲ್ಯಾನ್ ಪೋರ್ಟಿನೊಳಗೆ ನುಗ್ಗಿ ಕೂತಿರುವುದೂ ಇದೆ.

ಆಗ ಬೋರ್ಡನ್ನು ಪೂರ್ತಿ ಹೊರಗೆ ತೆಗೆದು ರಟ್ಟಿನ ಡಬ್ಬಿಯ ಮೇಲೆ ಇಡುತ್ತಾರೆ. ಪ್ರೊಸೆಸರ್, ಕೂಲರ್, ಒಂದೇ ರ‍್ಯಾಮ್, ಎಸ್‌ಎಂಪಿಎಸ್. ಬೇರೇನೂ ಇಲ್ಲ. ಅಲ್ಲಿ ಎದ್ದರೆ ತಪ್ಪು ಕ್ಯಾಬಿನೆಟ್‌ನೊಳಗೆ ಅಥವಾ ಬಿಚ್ಚಿಟ್ಟ ಭಾಗದಲ್ಲಿದೆ. ಒಂದೊಂದನ್ನೇ ಸೇರಿಸುತ್ತ, ಪ್ರತಿ ಸಲ ಆನ್ ಮಾಡಿ ನೋಡುತ್ತ ಬಂದರೆ ಕಳ್ಳ ತಾನಾಗಿಯೇ ಸಿಗುತ್ತಾನೆ. ಅವಸರದವರು ಹೊಸ ಭಾಗ ತಂದು ಹಾಕುತ್ತ ಹೋಗುತ್ತಾರೆ. ಬಲ್ಲವರು ತೆಗೆಯುತ್ತ ಹೋಗುತ್ತಾರೆ. ಈ ವಿದ್ಯೆಯ ತಿರುಳು ನನ್ನ ಮಟ್ಟಿಗೆ ಇದೇ. ಬಿಚ್ಚುವ ಮೊದಲು ಪ್ರತಿ ಸಲವೂ ಪವರ್ ಕಾರ್ಡ್ ಕಿತ್ತಿರಬೇಕು, ಏಕೆಂದರೆ ಕಂಪ್ಯೂಟರ್ ಆಫ್ ಇದ್ದಾಗಲೂ ನೇರಳೆ ವೈರಿನ ಕರೆಂಟ್ ಬೋರ್ಡಿನಲ್ಲಿ ಇರುತ್ತದೆ.

ಎಸ್‌ಎಂಪಿಎಸ್ ಮೇಲೆಯೇ ಅನುಮಾನ ಬಂದರೆ ಅದನ್ನು ಬೋರ್ಡಿನಿಂದ ಬಿಡಿಸಿ, ಹಸಿರು ವೈರನ್ನು ಯಾವುದಾದರೂ ಗ್ರೌಂಡ್ ವೈರಿಗೆ ಕೂಡಿಸಿ, ಹಳದಿಯಲ್ಲಿ ಮಲ್ಟಿಮೀಟರ್ ಇಡುತ್ತಾರೆ. 11.4ರಿಂದ 12.6 ವೋಲ್ಟ್‌ನೊಳಗೆ ಇರಬೇಕು. ಅದರ ಡಬ್ಬಿಯನ್ನು ಮಾತ್ರ ಮನೆಯಲ್ಲಿ ಯಾರೂ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರ್‌ಗಳು 300 ವೋಲ್ಟಿಗೂ ಮೀರಿ ತುಂಬಿಕೊಳ್ಳುತ್ತವೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡಿರುತ್ತವೆ.

ಇಲ್ಲಿಯವರೆಗೆ ಹೇಳಿದ ತಪ್ಪುಗಳಲ್ಲಿ ಹೆಚ್ಚಿನವು ಸರಿಪಡಿಸಿದರೆ ಯಂತ್ರ ಉಳಿಯುವಂಥವು. ಉಳಿಯದೇ ಹೋಗುವಂಥ ಒಂದು ತಪ್ಪಿದೆ. ಕ್ಯಾಬಿನೆಟ್ ಜೊತೆಗೆ ಎಸ್‌ಎಂಪಿಎಸ್ ಕೂಡ ಬದಲಿಸುವವರು, ಹಿಂಬದಿಯಲ್ಲಿ ನೀಟಾಗಿ ಕಟ್ಟಿದ ಹಳೆಯ ಕೇಬಲ್‌ಗಳನ್ನು ಹಾಗೆಯೇ ಬಿಟ್ಟು ಹೊಸ ಮಾಡ್ಯುಲರ್ (ಕೇಬಲ್ ಬಿಡಿಸಿ ಹಾಕಬಹುದಾದ) ಎಸ್‌ಎಂಪಿಎಸ್‌ಗೆ ಚುಚ್ಚಿಬಿಡುತ್ತಾರೆ. ಬೋರ್ಡಿನ ಕಡೆಯ ತುದಿಗೆ ಮಾನಕವಿದೆ. ಎಸ್‌ಎಂಪಿಎಸ್ ಕಡೆಯ ತುದಿಗೆ ಇಲ್ಲ. ಕಂಪನಿ ಬೇರೆಯಾದರೆ, ಒಂದೇ ಕಂಪನಿಯ ಮಾಡೆಲ್ ಬೇರೆಯಾದರೂ, ಪಿನ್‌ಗಳ ಕ್ರಮ ಬೇರೆ ಇರಬಹುದು. ಪ್ಲಗ್ ಸಲೀಸಾಗಿ ಕೂರುತ್ತದೆ, 5 ವೋಲ್ಟ್ ಬರಬೇಕಾದ ಕಡೆ 12 ವೋಲ್ಟ್ ಬರುತ್ತದೆ, ಎಸ್‌ಎಸ್‌ಡಿ ಮತ್ತು ಹಾರ್ಡ್ ಡಿಸ್ಕ್ ಆ ಕ್ಷಣದಲ್ಲೇ ಸುಡುತ್ತವೆ. ಮದುವೆಯ ಫೋಟೊ, ಮಕ್ಕಳ ವಿಡಿಯೊ, ವರ್ಷಗಳ ಲೆಕ್ಕಪತ್ರ ಎಲ್ಲ ಅದರೊಳಗೇ ಇರುತ್ತವೆ.

ಕೂಲರ್ ತೆಗೆಯುವವರೂ ಎಚ್ಚರವಾಗಿರಬೇಕು. ಎಎಮ್‌ಡಿಯ ಎಎಂ4 ಪ್ರೊಸೆಸರ್‌ನಲ್ಲಿ 1331 ಪಿನ್‌ಗಳು ಪ್ರೊಸೆಸರ್‌ನ ಮೈಗೇ ಅಂಟಿವೆ. ನಡುವೆ ಒಣಗಿದ ಥರ್ಮಲ್ ಪೇಸ್ಟ್‌ನಿಂದಾಗಿ ಕೂಲರ್ ಜೊತೆ ಪ್ರೊಸೆಸರ್ ಕೂಡ ಸಾಕೆಟ್‌ನಿಂದ ಕಿತ್ತು ಬಂದು ಪಿನ್ ಬಾಗಬಹುದು. ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಕೂಲರನ್ನು ಮೆಲ್ಲಗೆ ತಿರುಚಿ ಎತ್ತಬೇಕು.

ಸೆಕೆಂಡ್ ಹ್ಯಾಂಡ್ ಆಫೀಸ್ ಕಂಪ್ಯೂಟರ್ ಕೊಂಡು ಅದಕ್ಕೆ ಹೊಸ ಕ್ಯಾಬಿನೆಟ್ ಹಾಕಬೇಕೆನ್ನುವವರು ಮೊದಲು ಬೆಂಚಿನವರನ್ನು ಕೇಳುವುದು ಒಳ್ಳೆಯದು. ಅಂಥ ಎಷ್ಟೋ ಬೋರ್ಡುಗಳ ಬಟನ್ ಪಿನ್ನು, ಪವರ್ ಕನೆಕ್ಟರ್ ಆಯಾ ಕಂಪನಿಯದೇ ಮಾದರಿಯವು. ಅಡಾಪ್ಟರ್ ಇಲ್ಲದೆ ಅವು ಏಳುವುದಿಲ್ಲ.

ಈ ಕಸುಬಿನವರು ತಮ್ಮ ಕೆಲಸವನ್ನು ಇಡೀ ಬೋರ್ಡನ್ನೋ ಕಾರ್ಡನ್ನೋ ಬದಲಿಸುವ ‘ಕಾರ್ಡ್ ಲೆವೆಲ್’, ‘ಚಿಪ್ ಲೆವೆಲ್’ ಎಂದು ಎರಡಾಗಿ ಹೇಳುತ್ತಾರೆ. ಬೋರ್ಡಿನ ಮೇಲಿನ ಸಣ್ಣ ಬಿಡಿಭಾಗವನ್ನೇ ಬದಲಿಸುವ ಚಿಪ್ ಲೆವೆಲ್‌ಗೆ ಹೆಚ್ಚು ಗೌರವ. ಆದರೆ ನಿಮ್ಮ ದುಡ್ಡು ಉಳಿಸುವುದು ಅದಕ್ಕೂ ಮೊದಲಿನ ತಾಳ್ಮೆಯ ತಪಾಸಣೆ. ಬೋರ್ಡ್ ಸತ್ತಿದೆ ಎಂದು ಹೇಳಿ ಹೊಸದು ಮಾರುವುದು ಸುಲಭ, ಲಾಭವೂ ಅದರಲ್ಲೇ. ಸ್ಟ್ಯಾಂಡ್‌ಆಫ್ ಒಂದನ್ನು ಬಿಚ್ಚಿ ನಿಮ್ಮ ಹಳೆಯ ಬೋರ್ಡನ್ನೇ ಎಬ್ಬಿಸಿ ಕೊಡುವವರು ಆ ಲಾಭ ಬಿಟ್ಟವರು. ಅಂಥವರು ಕೇಳುವ ಚೆಕಿಂಗ್ ಚಾರ್ಜ್‌ಗೆ ದಯವಿಟ್ಟು ಚೌಕಾಸಿ ಮಾಡಬೇಡಿ. ಕ್ಯಾಬಿನೆಟ್ ಬದಲಿಸುವವರು ಒಂದು ವೈರನ್ನೂ ಕೀಳುವ ಮೊದಲು ಒಳಭಾಗದ ನಾಲ್ಕಾರು ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಬೆಂಚಿಗೆ ಹೋಗಬೇಕಾಗಿ ಬಂದರೆ ಆ ಫೋಟೊಗಳನ್ನೂ ಬೋರ್ಡಿನ ಮ್ಯಾನುವಲ್ಲನ್ನೂ ಜೊತೆಗೆ ಒಯ್ಯಿರಿ.