ಅರುಳುಮರುಳು ಎನ್ನುವ ಮೊದಲು ಕಿವಿ ನೋಡಿಸಿ

ನಮ್ಮ ಹಿರಿಯ ಸದಸ್ಯರೊಬ್ಬರ ಸಂಗತಿಯಿಂದಲೇ ಆರಂಭಿಸುತ್ತೇವೆ. ರಾಶಿ, ಬೆಟ್ಟೆ, ಗೊರಬಲು ಯಾವುದನ್ನೇ ಅಂಗೈಯಲ್ಲಿ ಹಾಕಿಕೊಂಡರೂ ಕಣ್ಣಳತೆಯಲ್ಲೇ ದರ ಹೇಳಬಲ್ಲವರು. ಅಂಥವರು ಎರಡು ವರ್ಷಗಳಿಂದ ಸಭೆಗೆ ಬರುವುದನ್ನೇ ಬಿಟ್ಟಿದ್ದರು. ಮಾತನಾಡಿಸಿದರೆ ಕೇಳಿದ್ದೊಂದು, ಉತ್ತರ ಇನ್ನೊಂದು. 'ಅಪ್ಪಯ್ಯನಿಗೆ ಅರುಳುಮರುಳು' ಎಂದು ಮನೆಯವರೇ ತೀರ್ಮಾನಿಸಿ ತೋಟದ ಲೆಕ್ಕವನ್ನು ಮಗನ ಕೈಗೆ ಕೊಟ್ಟಾಗಿತ್ತು. ಕೊನೆಗೆ ಪೇಟೆಯ ವೈದ್ಯರು ಪರೀಕ್ಷಿಸಿದಾಗ ಕಂಡದ್ದು ಎರಡು: ಕಿವಿಗಳು ಮಂದವಾಗಿದ್ದವು, ರಕ್ತದಲ್ಲಿ ಬಿ-12 ಜೀವಸತ್ವ ತೀರ ಕಡಿಮೆಯಿತ್ತು. ಚುಚ್ಚುಮದ್ದು, ಶ್ರವಣಯಂತ್ರ ಎರಡೂ ಆದವು. ಈ ಸಲದ ಸಭೆಯಲ್ಲಿ ಅವರು ಟೆಂಡರ್ ದರದ ಬಗ್ಗೆ ನಮ್ಮನ್ನೇ ತರಾಟೆಗೆ ತೆಗೆದುಕೊಂಡರು. ನಮಗೆ ಸಂತೋಷವೇ ಆಯಿತು.

ಮರೆವಿನ ಕಾಯಿಲೆಗಳೆಲ್ಲ ಹೀಗೆ ವಾಸಿಯಾಗುತ್ತವೆಂದು ನಾವು ಹೇಳುತ್ತಿಲ್ಲ. ಆದರೆ 'ವಯಸ್ಸಾಯಿತು' ಎಂದು ಕೈಚೆಲ್ಲುವ ಮುನ್ನ ನೋಡಬೇಕಾದದ್ದು ಬಹಳವಿದೆ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವು 2024ರಲ್ಲಿ ಮರೆಗುಳಿತನಕ್ಕೆ ದಾರಿ ಮಾಡುವ, ಆದರೆ ತಡೆಯಬಹುದಾದ 14 ಕಾರಣಗಳನ್ನು ಹೆಸರಿಸಿತು. ಅವೆಲ್ಲವನ್ನೂ ನಿವಾರಿಸಿದರೆ ಸುಮಾರು ಶೇಕಡಾ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು. ಬಾಲ್ಯದಲ್ಲಿ ಓದು ನಿಲ್ಲುವುದು, ನಡುವಯಸ್ಸಿನ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟು, ಅತಿಯಾದ ಮದ್ಯ, ತಲೆಗೆ ಪೆಟ್ಟು, ಒಂಟಿತನ, ಕಿವುಡು ಇವೆಲ್ಲ ಆ ಪಟ್ಟಿಯಲ್ಲಿವೆ.

ಕಿವಿಯ ವಿಷಯವನ್ನು ಒತ್ತಿ ಹೇಳಲು ಕಾರಣವಿದೆ. ಕಿವಿ ಮಂದವಾದವರ ಮಿದುಳು ಅರ್ಧ ಕೇಳಿಸಿದ ಮಾತನ್ನು ಊಹಿಸುವುದರಲ್ಲೇ ದಣಿಯುತ್ತದೆ. ಮತ್ತೆ ಮತ್ತೆ ಕೇಳಲು ಸಂಕೋಚ. ಕ್ರಮೇಣ ಜಗಲಿಯ ಹರಟೆಯೂ ಬೇಡವಾಗುತ್ತದೆ. 70ರಿಂದ 84 ವರ್ಷದ 977 ಮಂದಿಯ ಮೇಲೆ ನಡೆದ ಅಮೆರಿಕದ ಅಧ್ಯಯನವೊಂದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಶ್ರವಣಯಂತ್ರದಿಂದ ಎಲ್ಲರಿಗೂ ಸಮನಾಗಿ ಪ್ರಯೋಜನ ಕಾಣಲಿಲ್ಲ. ಆದರೆ ಅಪಾಯ ಹೆಚ್ಚಿದ್ದವರಲ್ಲಿ ಮೂರು ವರ್ಷಗಳಲ್ಲಿ ಬುದ್ಧಿಯ ಇಳಿತ ಹತ್ತಿರ ಹತ್ತಿರ ಅರ್ಧದಷ್ಟು ನಿಧಾನವಾಗಿತ್ತು. ಇನ್ನು ನಮ್ಮ ತೋಟಗಳತ್ತ ನೋಡಿ. ಕಳೆ ಕೊಚ್ಚುವ ಯಂತ್ರ, ಮರ ಕೊಯ್ಯುವ ಗರಗಸ, ಅಡಿಕೆ ಸುಲಿಯುವ ಯಂತ್ರ! ದಿನಕ್ಕೆ ಎಂಟು ತಾಸಿನ ಕೆಲಸಕ್ಕೆ 85 ಡೆಸಿಬೆಲ್ ಮಿತಿಯೆಂದು ಬಲ್ಲವರು ಹೇಳುತ್ತಾರೆ. ಕಳೆಯಂತ್ರ ಸಾಮಾನ್ಯವಾಗಿ ಅದನ್ನು ಮೀರಿಯೇ ಅರಚುತ್ತದೆ. ಯಂತ್ರಕ್ಕೆ ಸಾವಿರಾರು ರೂಪಾಯಿ ಸುರಿಯುವ ನಾವು ಕಿವಿಮುಚ್ಚುಗೆಗೆ ಚೌಕಾಶಿ ಮಾಡುತ್ತೇವೆ.

ಬಿ-12ರ ಮಾತು. ಇದು ಸಿಗುವುದು ಪ್ರಾಣಿಜನ್ಯ ಆಹಾರದಿಂದ; ಸಸ್ಯಾಹಾರಿಗಳಿಗೆ ಹಾಲು-ಮಜ್ಜಿಗೆಯೇ ಆಧಾರ. ವಯಸ್ಸಾದಂತೆ ಇದನ್ನು ಹೀರಿಕೊಳ್ಳುವ ಶಕ್ತಿ ಕುಂದುತ್ತದೆ. ಸಕ್ಕರೆ ಕಾಯಿಲೆಗೆ ಬಹುಕಾಲ ಮೆಟ್‌ಫಾರ್ಮಿನ್ ಮಾತ್ರೆ ನುಂಗುವವರಲ್ಲೂ ಕೊರತೆ ಬರಬಹುದು. ಮರೆವಿನ ಜೊತೆಗೆ ಪಾದ ಜುಮುಗುಟ್ಟಿ, ನಡಿಗೆ ತೂರಾಡಿದರೆ ರಕ್ತಪರೀಕ್ಷೆ ಮಾಡಿಸಿ. ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು.

ನಲವತ್ತು ದಾಟಿದವರು ರಕ್ತದೊತ್ತಡ ನೋಡಿಸಿಕೊಳ್ಳಬೇಕು. ನೋವಿಲ್ಲ, ನಮಗೇಕೆ ಎನ್ನುವವರಿಗೆ ಒಂದೇ ಪ್ರಶ್ನೆ: ಬೋರ್ಡೋ ದ್ರಾವಣವನ್ನು ಕೊಳೆ ಹತ್ತಿ ಕಾಯಿ ಉದುರಿದ ಮೇಲೆ ಹೊಡೆಯುತ್ತೀರೋ, ಮಳೆ ಹಿಡಿಯುವ ಮೊದಲೋ? ಕೊನೆಗಾರರು ಮರದಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಳ್ಳುವುದನ್ನು ತಪ್ಪಿಸಲು ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದಲ್ಲೇ ನಿಂತು ಕೊಯ್ಯಬಹುದು. ಬೈಕಿನಲ್ಲಿ ಹೆಲ್ಮೆಟ್ಟನ್ನು ಹ್ಯಾಂಡಲಿಗೆ ನೇತುಹಾಕುವ ತರುಣರಿಗೆ ಹೇಳಿ ಹೇಳಿ ನಮಗೇ ಬೇಸರವಾಗಿದೆ.

ನಮ್ಮದೇ ಸರಕಿನ ಬಗ್ಗೆಯೂ ನಿಷ್ಠುರವಾಗಿ ಹೇಳಬೇಕು. ಕಾಫಿ ತಲೆಯನ್ನು ಚುರುಕುಗೊಳಿಸುವುದು ನಿಜ. ಆದರೆ ಕುಡಿದು ಐದಾರು ತಾಸಾದರೂ ಅದರ ಕೆಫೀನಿನ ಸುಮಾರು ಅರ್ಧ ಮೈಯಲ್ಲೇ ಉಳಿದಿರುತ್ತದೆ. ನಿದ್ದೆ ಕಡಿಮೆಯಿರುವವರು ಸಂಜೆಯ ಲೋಟ ಬಿಡುವುದು ಮೇಲು. ಅಡಿಕೆಯಲ್ಲಿನ ಅರೆಕೊಲಿನ್ ಕೂಡ ಅಷ್ಟು ಹೊತ್ತು ಉತ್ಸಾಹ ತರುತ್ತದೆ. ಅದನ್ನು ಮರೆವಿನ ಮದ್ದೆಂದು ಕವಳ ಹೆಚ್ಚಿಸುವುದು ಸಲ್ಲ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು 45 ದಾಟಿದ ಹಳ್ಳಿಗರ ನೆನಪು, ಆರೋಗ್ಯಗಳನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಕೈಗೊಂಡಿದ್ದಾರೆ. ನಮ್ಮ ಮಲೆನಾಡಿಗೂ ಇಂಥದ್ದು ಬರಲೆಂಬುದು ನಮ್ಮ ಆಸೆ. ಅಲ್ಲಿಯವರೆಗೆ ನಮ್ಮ ಕೈಲಾಗುವುದನ್ನು ಮಾಡೋಣ: ಮುಂದಿನ ಸಭೆಯಿಂದ ಧ್ವನಿವರ್ಧಕದ ಹತ್ತಿರದ ಎರಡು ಸಾಲು ಕುರ್ಚಿಗಳನ್ನು ಕಿವಿ ಮಂದವಾದ ಹಿರಿಯ ಸದಸ್ಯರಿಗೆಂದೇ ಬಿಡಲಾಗುವುದು. ಮನೆಯವರು ದಯವಿಟ್ಟು ಅವರನ್ನು ಕರೆತರಬೇಕು.