ಸೂತಕದ ಹತ್ತು ದಿನ, ಕಳ್ಳಿಹಣ್ಣಿನ ಕೆಂಪು

ಸೂತಕದ ಮನೆಯಲ್ಲಿ ಅಳು ಮೂರನೇ ದಿನಕ್ಕೆ ತಗ್ಗುತ್ತದೆ. ಆಮೇಲೆ ಉಳಿಯುವುದು ಬರೀ ಹೊತ್ತು. ಜಮಖಾನೆಯ ಮೇಲೆ ಕೂತ ನೆಂಟರು ತೀರಿಹೋದವರ ಕಾಯಿಲೆ, ಕೊನೆಯ ಮಾತು, ಆಸ್ಪತ್ರೆಯ ಬಿಲ್ಲು ಎಲ್ಲವನ್ನೂ ಆಡಿ ಮುಗಿಸಿರುತ್ತಾರೆ. ಆಗ ಯಾರೋ ಒಬ್ಬರು ಮೂಲೆಯಲ್ಲಿ ಕೂತ ಮಗನತ್ತ ತಿರುಗಿ, ‘ನಿನಗೆಷ್ಟಾಯಿತಪ್ಪ ಈಗ ವಯಸ್ಸು?’ ಎನ್ನುತ್ತಾರೆ. ವರ್ಷ ತುಂಬುವುದರೊಳಗೆ ಈ ಮನೆಯಲ್ಲೊಂದು ಮದುವೆ ಆಗಿಬಿಡಲಿ ಎಂಬ ಮಾತು ಬರಲು ಇನ್ನೊಂದು ಸುತ್ತು ಚಹಾ ಸಾಕು.

ರೋಹನ್ ಪರಶುರಾಮ್ ಕಾನವಡೆ ಅವರ ಮರಾಠಿ ಚಿತ್ರ ‘ಸಾಬರ ಬೋಂಡ’ ನಡೆಯುವುದು ಇಂಥ ಹತ್ತು ದಿನಗಳಲ್ಲಿ. ಹೆಸರು ಕೇಳಿ ಕಡಲೆಹಿಟ್ಟು, ಕಾದ ಎಣ್ಣೆ ನೆನಪಾದವರಲ್ಲಿ ನಾನೂ ಒಬ್ಬ. ಆದರೆ ಇದು ಪಾಪಾಸುಕಳ್ಳಿಯ ಹಣ್ಣು. 2025ರ ಜನವರಿಯಲ್ಲಿ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವಕ್ಕೆ ಹೋದ ಈ ಚಿತ್ರ, ವಿಶ್ವ ಸಿನಿಮಾ ಕಥಾಚಿತ್ರ ವಿಭಾಗದ ಅತಿ ದೊಡ್ಡ ಪ್ರಶಸ್ತಿಯೊಂದಿಗೆ ಮರಳಿತು. ಸೆಪ್ಟೆಂಬರ್ 19ರಂದು ನಮ್ಮ ಚಿತ್ರಮಂದಿರಗಳಿಗೂ ಬಂತು.

ಕಥೆಯನ್ನು ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸಬಹುದು. ಆನಂದ್ ಮುಂಬೈನ ಕಾಲ್‌ಸೆಂಟರ್ ಒಂದರಲ್ಲಿ ದುಡಿಯುವವನು, ಮೂವತ್ತರ ಆಸುಪಾಸು. ಅಪ್ಪ ತೀರಿಕೊಂಡಾಗ ಅಮ್ಮನ ಜೊತೆ ಊರಿಗೆ ಹೋಗುತ್ತಾನೆ. ಕ್ರಿಯೆ ಹಿಡಿದವನಿಗೆ ನೂರೆಂಟು ನಿಯಮ. ಅಲ್ಲಿ ಬಾಲ್ಯದ ಗೆಳೆಯ ಬಾಳ್ಯಾ ಸಿಗುತ್ತಾನೆ, ಇವನಂತೆಯೇ ಮದುವೆಯಾಗದೆ ಉಳಿದು ಮನೆಯವರಿಂದ ದಿನವೂ ಅನ್ನಿಸಿಕೊಳ್ಳುವವನು. ಆಡು ಮೇಯುವ ಬಯಲಿನಲ್ಲಿ, ಮರದ ನೆರಳಿನಲ್ಲಿ ಇಬ್ಬರ ನಡುವೆ ಮೆಲ್ಲಗೆ ಒಲವು ಮೂಡುತ್ತದೆ.

ಕರ್ತವ್ಯವೋ ಪ್ರೀತಿಯೋ ಎಂದು ಹಗ್ಗ ಜಗ್ಗುವ ಸಿನಿಮಾಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಅಲ್ಲಿ ಅಪ್ಪ ಗುಡುಗುತ್ತಾನೆ, ಅಮ್ಮ ವಿಷದ ಬಾಟಲಿ ತೋರಿಸುತ್ತಾಳೆ, ಮಗ ಮಳೆಯಲ್ಲಿ ನೆನೆಯುತ್ತಾನೆ. ಕಾನವಡೆ ಆ ದಾರಿ ಹಿಡಿದಿಲ್ಲ. ಆನಂದ್ ಕ್ರಿಯೆಯಿಂದ ತಪ್ಪಿಸಿಕೊಳ್ಳಲು ನೋಡುವವನಲ್ಲ. ಅಪ್ಪನ ಮೇಲೆ ಅವನಿಗೆ ನಿಜವಾದ ಪ್ರೀತಿಯಿದೆ. ಬರಿಗಾಲಿನಲ್ಲಿ ಓಡಾಡುವುದು, ಹೇಳಿದಷ್ಟನ್ನೇ ಉಣ್ಣುವುದು ಅವನಿಗೆ ಆ ಪ್ರೀತಿಯದೇ ಭಾಗ. ಊರಿನಲ್ಲಿ ಅವನನ್ನು ಕಟ್ಟಿಹಾಕುವ ಸೂತಕವೇ ಬಾಳ್ಯಾನ ಜೊತೆ ಕಳೆಯಲು ಹತ್ತು ದಿನದ ಬಿಡುವನ್ನೂ ಕೊಡುತ್ತದೆ. ಕೆಲಸದ ಪಾಳಿಯಿಲ್ಲ, ಲೋಕಲ್ ರೈಲಿನ ನೂಕುನುಗ್ಗಲಿಲ್ಲ. ದುಃಖಿಸಲು ಸಮಾಜ ಕೊಟ್ಟ ರಜೆಯಲ್ಲಿ ಒಬ್ಬ ಮನುಷ್ಯ ಒಲಿಯುತ್ತಾನೆ. ಚಿತ್ರದ ಅತ್ಯಂತ ದಿಟ್ಟ ಸಂಗತಿ ಇದೇ ಎಂದು ನನಗನ್ನಿಸಿತು.

ಇನ್ನೊಂದು ದಿಟ್ಟತನ ಅಮ್ಮನದು. ಜಯಶ್ರೀ ಜಗತಾಪ್ ನಟಿಸಿರುವ ಈ ತಾಯಿಗೆ ಮಗನ ವಿಷಯ ಮೊದಲೇ ಗೊತ್ತು. ಹಾಗಾಗಿ ಗುಟ್ಟು ಬಯಲಾಗುವ, ಎದೆ ಬಡಿದುಕೊಳ್ಳುವ ದೃಶ್ಯ ಇಲ್ಲಿಲ್ಲ. ನೆಂಟರ ಬಾಯಿಗೆ ಮಾತ್ರ ಆಕೆ ಒಂದು ಕಥೆ ಕಟ್ಟಿ ಇಟ್ಟಿದ್ದಾಳೆ: ಹುಡುಗ ಯಾರನ್ನೋ ಪ್ರೀತಿಸಿದ್ದ, ಅವಳು ಕೈಕೊಟ್ಟಳು, ಅದಕ್ಕೇ ಮದುವೆ ಬೇಡ ಅಂತಾನೆ. ಎಂಥ ಜಾಣ ಸುಳ್ಳು! ಭಗ್ನಪ್ರೇಮಿಗೆ ನಮ್ಮ ಊರುಗಳು ಸ್ವಲ್ಪ ರಿಯಾಯಿತಿ ಕೊಡುತ್ತವೆ ಎಂಬುದು ಆಕೆಗೆ ಗೊತ್ತು. ಕುಟುಂಬ ಎಂದರೆ ಒಂದೇ ಗೋಡೆಯಲ್ಲ. ಒಳಗೆ ಅಮ್ಮ, ಹೊರಗೆ ಚಿಕ್ಕಪ್ಪ, ಸೋದರತ್ತೆ, ನೆರೆಮನೆಯ ಅಜ್ಜಿ. ಮಗ ಹೆದರುವುದು ಹೊರಗಿನ ಸುತ್ತಿಗೆ, ಒಳಗಿನವರು ಸುಸ್ತಾಗುವುದೂ ಅದಕ್ಕೇ.

ಕಾನವಡೆಗೆ ಈ ಹತ್ತು ದಿನ ಸಿಕ್ಕಿದ್ದು ಸ್ವಂತ ಬದುಕಿನಲ್ಲಿ. ಮುಂಬೈನ ಕೊಳೆಗೇರಿಯ ಒಂದೇ ಕೋಣೆಯ ಮನೆಯಲ್ಲಿ ಬೆಳೆದವರು ಅವರು. ತಂದೆ ಕಾರು ಚಾಲಕರಾಗಿದ್ದರು. ಆ ತಂದೆ ತೀರಿಕೊಂಡಾಗ ಊರಿಗೆ ಹೋಗಿ ಕೂತ ಮಗನಿಗೆ ನೆಂಟರು ಮದುವೆಯ ಮಾತು ಬಿಟ್ಟು ಬೇರೇನೂ ಆಡಲಿಲ್ಲ. ಇಲ್ಲೊಬ್ಬ ಗೆಳೆಯನಿದ್ದಿದ್ದರೆ ಎಂದು ಆಗ ಅನ್ನಿಸಿತಂತೆ. ಬಾಳ್ಯಾ ಹುಟ್ಟಿದ್ದು ಹಾಗೆ. ನಿಜದಲ್ಲಿ ಇಲ್ಲದವನನ್ನು ಸಿನಿಮಾದಲ್ಲಿ ತಂದು ಪಕ್ಕದಲ್ಲಿ ಕೂರಿಸಿಕೊಂಡಿದ್ದಾರೆ.

ಕನ್ನಡಿಗರು ಇದನ್ನು ನೋಡುವಾಗ ಗುರುತಿನ ಕಣ್ಣೊಂದು ಸಿಗುತ್ತದೆ. ಛಾಯಾಗ್ರಹಣ ವಿಕಾಸ್ ಅರಸ್ ಅವರದು. ನಟೇಶ್ ಹೆಗಡೆಯವರ ‘ಪೆಡ್ರೊ’, ‘ವಾಘಾಚಿಪಾಣಿ’ ಚಿತ್ರಗಳ ಮಲೆನಾಡನ್ನು ತೋರಿಸಿದ ಕ್ಯಾಮೆರಾ ಇಲ್ಲಿ ಮಹಾರಾಷ್ಟ್ರದ ಒಣ ಬಯಲಿಗೆ ಬಂದಿದೆ. ಅಲ್ಲಿ ಒದ್ದೆ ಕತ್ತಲು, ಇಲ್ಲಿ ಬಿಳಿಚಿದ ಬಿಸಿಲು. ಕ್ಯಾಮೆರಾ ಹೆಚ್ಚಾಗಿ ಕದಲುವುದೇ ಇಲ್ಲ. ಜನ ಚೌಕಟ್ಟಿನೊಳಗೆ ಬರುತ್ತಾರೆ, ಕೂರುತ್ತಾರೆ, ಎದ್ದು ಹೋಗುತ್ತಾರೆ, ಅದು ಮಾತ್ರ ಕಟ್ಟೆಯ ಮೇಲೆ ಕೂತ ಹಿರಿಯರಂತೆ ನೋಡುತ್ತಲೇ ಇರುತ್ತದೆ. ಹಿನ್ನೆಲೆ ಸಂಗೀತ ಇಲ್ಲವೇ ಇಲ್ಲ. ಇಬ್ಬರು ಮೊದಲ ಬಾರಿ ಹತ್ತಿರವಾಗುವಾಗ ಪಿಟೀಲು ನುಡಿಯದಿದ್ದರೆ ಎಷ್ಟು ಮುಜುಗರ, ಎಷ್ಟು ನಿಜ ಎಂಬುದು ಆ ಮೌನದಲ್ಲಿ ತಿಳಿಯುತ್ತದೆ. ಮೊದಲ ಅರ್ಧ ಗಂಟೆ ನಾನು ಎರಡು ಸಲ ಗಡಿಯಾರ ನೋಡಿದೆ, ಸುಳ್ಳು ಹೇಳಲಾರೆ. ಆಮೇಲೆ ನೋಡಲಿಲ್ಲ.

ಒಂದು ತಕರಾರಿದೆ. ಈ ಊರಿನ ಬಾಯಿ ಸ್ವಲ್ಪ ಹೆಚ್ಚೇ ಮೆತ್ತಗಿದೆ. ಇಬ್ಬರು ಗಂಡಸರು ದಿನವೂ ಬಯಲಿನಲ್ಲಿ ಜೊತೆಗೆ ಕೂತರೆ ಯಾರೂ ಏನೂ ಅನ್ನುವುದಿಲ್ಲವೆಂದೇನಲ್ಲ, ಆದರೆ ಅಂದ ಮಾತು ಚುಚ್ಚುವಷ್ಟು ಹತ್ತಿರ ಬರುವುದಿಲ್ಲ. ಹಿಂಸೆಯಿಲ್ಲದ ಕಥೆ ಹೇಳುವುದು ನಿರ್ದೇಶಕರ ಆಯ್ಕೆ ಎಂದು ಒಪ್ಪುತ್ತೇನೆ. ಒಪ್ಪಿದ ಮೇಲೂ, ಚಿತ್ರಮಂದಿರದ ಹೊರಗಿನ ಇಂಥ ಮಕ್ಕಳ ನೆನಪು ಬಂದು ಆ ಮೆದುತನದ ಮೇಲೆ ಸ್ವಲ್ಪ ಕೋಪವೂ ಬಂತು.

ಪಾಪಾಸುಕಳ್ಳಿ ಹಣ್ಣಿನ ಮೇಲ್ಮೈಯಲ್ಲಿ ಕೂದಲಿಗಿಂತ ಸಣ್ಣ ಮುಳ್ಳುಗಳಿರುತ್ತವೆ. ಬೆರಳಿಗೆ ಹೊಕ್ಕರೆ ಕಣ್ಣಿಗೆ ಕಾಣುವುದಿಲ್ಲ, ಎರಡು ದಿನ ಉರಿಯುತ್ತದೆ. ಚಿಕ್ಕಂದಿನಲ್ಲಿ ನಾವು ಅದನ್ನು ಮಣ್ಣಿಗೆ ತಿಕ್ಕಿ, ಕಲ್ಲಿಗೆ ಉಜ್ಜಿ, ಸಿಪ್ಪೆ ಸುಲಿದು ತಿನ್ನುತ್ತಿದ್ದೆವು. ತಿಂದದ್ದನ್ನು ಮನೆಯಲ್ಲಿ ಮುಚ್ಚಿಡುವಂತಿರಲಿಲ್ಲ, ನಾಲಿಗೆ ತುಟಿಯೆಲ್ಲ ಕಡುಗೆಂಪು. ಬಾಳ್ಯಾ ಈ ಹಣ್ಣನ್ನು ಗೆಳೆಯನಿಗಾಗಿ ಹುಡುಕಿ ತರುತ್ತಾನೆ. ಹತ್ತು ದಿನ ಕಳೆದು ಆನಂದ್ ಮುಂಬೈಗೆ ಮರಳುವಾಗ ಜೊತೆಯಲ್ಲಿ ಯಾರಿದ್ದರು ಎಂಬುದನ್ನು ನಾನು ಹೇಳುವುದಿಲ್ಲ.