ಶೋಕೇಸಿನೊಳಗೆ ಒಂದು ಮೂಟೆ ಭಾರ

ದುಬೈಯಿಂದ ಬಂದ ಭಾವಮೈದ ಕೊಟ್ಟ ಶಾಂಪೇನ್ ಬಾಟಲಿ ನಮ್ಮನೆ ಶೋಕೇಸಿನಲ್ಲಿ, ಮಗಳ ಥ್ರೋಬಾಲ್ ಕಪ್ಪಿನ ಪಕ್ಕ, ಆರು ವರ್ಷ ನಿಂತಿತ್ತು. ಗೃಹಪ್ರವೇಶಕ್ಕೆಂದು ಇಟ್ಟದ್ದು. ಅವತ್ತು ಅತ್ತೆ ಇದ್ದರು, ತೆಗೆಯಲಾಗಲಿಲ್ಲ. ಆಮೇಲೆ ಯಾವ ಸಂಭ್ರಮವೂ ಆ ಬಾಟಲಿಗೆ ತಕ್ಕದ್ದು ಅನ್ನಿಸಲಿಲ್ಲ. ಮೊನ್ನೆ ಫೋನಿನಲ್ಲಿ ಅವನೇ ಕೇಳಿದ, ‘ಭಾವ, ಇನ್ನೂ ಇಟ್ಟಿದ್ದೀರಾ ಅದನ್ನ?’ ಲೆಕ್ಕ ಹಾಕಲು ಕೂತೆ.

ಒಳಗಿರುವ ವೈನು 750 ಮಿಲಿ. ಹೊರಗಿನ ಗಾಜಿನ ತೂಕವೇ ಸುಮಾರು 835 ಗ್ರಾಂ. ಸರಕಿಗಿಂತ ಚೀಲವೇ ಭಾರ. ಕಾರಣವಿದೆ. ಶಾಂಪೇನ್ ಮಾಡುವವರು ಬಾಟಲಿಗೆ ತುಂಬುವಾಗ ಈಸ್ಟಿನ ಜೊತೆ ಹತ್ತಿರ ಹತ್ತಿರ 18 ಗ್ರಾಂ ಸಕ್ಕರೆ ಹಾಕುತ್ತಾರೆ. ನಾಲ್ಕು ಟೀ ಚಮಚ, ಅಷ್ಟೆ. ಈಸ್ಟ್ ಅದನ್ನು ತಿಂದು ಬಿಡುವ ಇಂಗಾಲದ ಡೈಆಕ್ಸೈಡು 9 ಗ್ರಾಂ. ಹೊರಗೆ ಬಿಟ್ಟರೆ ಐದು ಲೀಟರ್ ಜಾಗ ಬೇಡುವ ಅನಿಲ ಮುಕ್ಕಾಲು ಲೀಟರಿನೊಳಗೆ ಕರಗಿ ಕೂತಿರುತ್ತದೆ.

ಫ್ರಾನ್ಸಿನ ರೀಮ್ಸ್ ಊರಿನ ಸುಣ್ಣಕಲ್ಲಿನ ನೆಲಮಾಳಿಗೆಗಳಲ್ಲಿ ವರ್ಷವಿಡೀ 10–12 ಡಿಗ್ರಿ. ಅಲ್ಲಿ ಬಾಟಲಿಯ ಒತ್ತಡ ಸುಮಾರು ಆರು ವಾಯುಮಂಡಲ, ಕಾರಿನ ಟೈರಿನ ಎರಡೂವರೆ ಪಟ್ಟು. ಬೆರಳಗಲದ ಬಿರಡೆಯನ್ನು ಅದು ಒಳಗಿಂದ 12–13 ಕೆಜಿ ಭಾರದಷ್ಟು ನೂಕುತ್ತಿರುತ್ತದೆ. ಅದೇ ಬಾಟಲಿಯನ್ನು ಏಪ್ರಿಲ್ ತಿಂಗಳ ಬೆಂಗಳೂರಿನ ಹಾಲ್‌ಗೆ ತನ್ನಿ, 30 ಡಿಗ್ರಿ. ಒತ್ತಡ ಹತ್ತು ದಾಟುತ್ತದೆ. ನೂಕುಬಲ ಹೆಚ್ಚುಕಮ್ಮಿ 25 ಕೆಜಿ ಅಕ್ಕಿ ಮೂಟೆಯಷ್ಟು. ಆರು ವರ್ಷ ಆ ಮೂಟೆಯನ್ನು ತಡೆದು ನಿಲ್ಲಿಸಿದ್ದು ಒಂದು ಮರದ ತೊಗಟೆ, ಒಂದಿಷ್ಟು ತಂತಿ.

ಪೂರ್ತಿ ತಡೆಯುವುದೇನೂ ಇಲ್ಲ. ಮುಚ್ಚಳ ಯಾವುದೇ ಇರಲಿ, ಅನಿಲ ಇಷ್ಟಿಷ್ಟೇ ಹೊರಗೆ ಹೋಗುತ್ತಲೇ ಇರುತ್ತದೆ. ರೀಮ್ಸಿನ ಭೌತವಿಜ್ಞಾನಿ ಜೆರಾರ್ ಲಿಜೆ-ಬೆಲೆರ್ ತಂಡ 2023ರಲ್ಲಿ ಇದನ್ನು ಅಳೆದು ಪ್ರಕಟಿಸಿತು. 1974ರ ಬಾಟಲಿ ಹತ್ತಿರ ಹತ್ತಿರ ಶೇಕಡಾ 80ರಷ್ಟು ಅನಿಲ ಕಳೆದುಕೊಂಡಿತ್ತು. ಗ್ಲಾಸಿಗೆ ಸುರಿದಾಗ ಗುಳ್ಳೆ ಏಳುವ ಶಕ್ತಿ ಎಷ್ಟು ಕಾಲ ಉಳಿದೀತು ಎಂಬುದಕ್ಕೆ ಅವರ ಅಂದಾಜು: ಮಾಮೂಲಿ ಬಾಟಲಿಗೆ 40 ವರ್ಷ, ಒಂದೂವರೆ ಲೀಟರಿನದಕ್ಕೆ 82, ಮೂರು ಲೀಟರಿನದಕ್ಕೆ 132. ಹಂಡೆಗೂ ಬಿಂದಿಗೆಗೂ ಒಂದೇ ಅಳತೆಯ ತೂತು ಬಿದ್ದರೆ ಯಾವುದು ಮೊದಲು ಬರಿದಾದೀತು? ಅಷ್ಟೇ ಗುಟ್ಟು.

ನಲವತ್ತು ವರ್ಷ ಅಂದದ್ದೇ ನನಗೆ ಧೈರ್ಯ ಬಂತು. ಬರಬಾರದಿತ್ತು. ಅದು ಗುಳ್ಳೆಯ ಆಯಸ್ಸು, ರುಚಿಯದ್ದಲ್ಲ. ವರ್ಷದ ಹೆಸರಿಲ್ಲದ ಸಾಮಾನ್ಯ ಶಾಂಪೇನು ಕನಿಷ್ಠ 15 ತಿಂಗಳು ನೆಲಮಾಳಿಗೆಯಲ್ಲೇ ಮಾಗಿ, ಕುಡಿಯಲು ಸಿದ್ಧವಾಗಿಯೇ ಅಂಗಡಿಗೆ ಬರುತ್ತದೆ. ತಂಪಾದ ಕತ್ತಲೆ ಮೂಲೆಯಿದ್ದರೆ ಮನೆಯಲ್ಲಿ ಇನ್ನೆರಡು ಮೂರು ವರ್ಷ ಇಡಬಹುದು. ಮಲಗಿಸಿದರೂ ಸರಿ, ನಿಲ್ಲಿಸಿದರೂ ಸರಿ. ಬೆಳಕು, ಬಿಸಿ ಮಾತ್ರ ಆಗದು. ತೆರೆದದ್ದಕ್ಕೆ ಬಿಗಿ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ. ಬಾಯಿಗೆ ಬೆಳ್ಳಿ ಚಮಚ ಸಿಕ್ಕಿಸಿಡುವುದು ಬರೀ ನಂಬಿಕೆ.

ಕತ್ತಲೆ, ತಂಪು ಎರಡೂ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಬಾಲ್ಟಿಕ್ ಸಮುದ್ರ ಸಾಕ್ಷಿ. 2010ರಲ್ಲಿ ಓಲಂಡ್ ದ್ವೀಪಗಳ ಬಳಿ ಮುಳುಗಿದ ಹಡಗೊಂದರಲ್ಲಿ, 50 ಮೀಟರ್ ಆಳದಲ್ಲಿ, 168 ಬಾಟಲಿ ಸಿಕ್ಕವು. ಸುಮಾರು 170 ವರ್ಷ, 2ರಿಂದ 4 ಡಿಗ್ರಿ ನೀರಿನಲ್ಲಿ. ಮೂಸಿದವರಿಗೆ ಮೊದಲು ಒದ್ದೆ ಕೂದಲು, ಚೀಸಿನ ವಾಸನೆ. ಗಾಳಿಯಾಡಿದ ಮೇಲೆ ಹೊಗೆ, ಚರ್ಮ, ಆಮೇಲೆ ಹೂವು, ಹಣ್ಣು.

ನಮ್ಮದರ ತಂತಿ ಬಿಚ್ಚಿದೆ, ಆರು ಅರೆಸುತ್ತು. ಹೊಸ ಬಿರಡೆಯಾದರೆ ಹೊರಬಂದೊಡನೆ ಬುಡ ಅರಳಿ ಅಣಬೆಯ ಹಾಗಾಗಬೇಕು. ಇದು ಅರಳಲಿಲ್ಲ, ಸೊರಗಿ, ಗೂಟದ ಹಾಗೆ ನೆಟ್ಟಗೇ ಉಳಿಯಿತು. ವೈನಿನ ಬಣ್ಣ ಜೇನಿಗೆ ತಿರುಗಿತ್ತು. ಹೆಚ್ಚಿಟ್ಟು ಮರೆತ ಸೇಬಿನ ವಾಸನೆ. ಒಂದು ಗುಟುಕು ಕುಡಿದು ಹೆಂಡತಿ ಗ್ಲಾಸನ್ನು ಕೆಳಗಿಟ್ಟಳು. ಒಂದು ಗ್ಲಾಸಿನಲ್ಲಿ ಹತ್ತು ಲಕ್ಷ ಗುಳ್ಳೆ ಎದ್ದೀತು ಎಂಬುದೂ ಲಿಜೆ-ಬೆಲೆರ್ ಲೆಕ್ಕವೇ. ಮತ್ತೆ ಯಾರೂ ಮುಟ್ಟದ ಆ ಗ್ಲಾಸಿನ ತಳದಿಂದ, ನಾವು ಊಟ ಮುಗಿಸಿ ಕೈ ತೊಳೆದು ಬಂದಾಗಲೂ, ಒಂದರ ಹಿಂದೊಂದು ಏಳುತ್ತಲೇ ಇದ್ದವು.